ಪತ್ತನಾಜೆ ಕಳೆದ ಮೇಲೆ ಊರಿನಲ್ಲೇ ಉಳಿಯಬಯಸುವ ಯಕ್ಷಗಾನ ಕಲಾವಿದನಿಗೆ ಯಾವ ದಾರಿಗಳಿವೆ?

ಪ್ರಶ್ನೆ: ಕುಂದಾಪುರದ ಮದ್ದಳೆಗಾರ

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ಕುಂದಾಪುರ ತಾಲೂಕಿನ ಒಳನಾಡಿನವನು, ವಯಸ್ಸು 24. ಏಳು ವರ್ಷಗಳಿಂದ ಒಬ್ಬರೇ ಗುರುಗಳ ಬಳಿ ಮದ್ದಳೆ ಕಲಿಯುತ್ತಿದ್ದೇನೆ. ಕಳೆದ ಮೂರು ತಿರುಗಾಟಗಳಿಂದ (ಮೇಳ ಊರೂರು ಸುತ್ತಿ ಆಡುವ ವರ್ಷದ ಅವಧಿ) ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ, ಒಂದು ಹರಕೆ ಮೇಳದಲ್ಲಿ (ಭಕ್ತರ ಹರಕೆಯ ಆಟಗಳನ್ನು ಆಡುವ ತಂಡ) ಪೂರ್ವರಂಗಕ್ಕೂ ಪ್ರಸಂಗದ ಮೊದಲ ಭಾಗಕ್ಕೂ ನುಡಿಸುತ್ತೇನೆ. ಕಥೆ ಏರುವ ಹೊತ್ತಿಗೆ ಹಿರಿಯ ಮದ್ದಳೆಗಾರರು ಬಂದು ಕೂರುತ್ತಾರೆ, ನಾನು ಚೌಕಿಯ (ವೇಷ ಕಟ್ಟುವ ಕೋಣೆಯ) ಬದಿಯಲ್ಲಿ ಕುಳಿತು ಕೇಳುತ್ತೇನೆ. ಅದರ ಬಗ್ಗೆ ನನಗೆ ದೂರಿಲ್ಲ.

ತೊಂದರೆ ಇರುವುದು ವರ್ಷದ ಉಳಿದ ಅರ್ಧದಲ್ಲಿ. ದೀಪಾವಳಿ ಕಳೆದ ಮೇಲೆ ಮೇಳ ಹೊರಟರೆ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯಲ್ಲಿ ಮೇಳಗಳು ತಿರುಗಾಟ ಮುಗಿಸುವ ದಿನದವರೆಗೆ, ಒಂದು ರಾತ್ರಿಯೂ ಬಿಡುವಿಲ್ಲ. ಗೆಜ್ಜೆ ಬಿಚ್ಚಿದ ಮರುದಿನದಿಂದ ಸಂಬಳವಿಲ್ಲ. ಹಿಂದಿನ ಎರಡು ಮಳೆಗಾಲಗಳಲ್ಲಿ ಬೆಂಗಳೂರಿನಲ್ಲಿ ಸಂಬಂಧಿಕರೊಬ್ಬರ ಹೋಟೆಲಿನ ಗಲ್ಲಾದಲ್ಲಿ ಕುಳಿತೆ. ಹಣವೇನೋ ಬಂತು, ಆದರೆ ಐದು ತಿಂಗಳು ಕೈ ಮದ್ದಳೆಯ ಮೇಲೆ ಬೀಳದೆ, ಮೇಳ ಹೊರಟ ಮೊದಲ ವಾರ ಪದ್ಯ ಹಾಡಿ ಆಟ ನಡೆಸುವ ಭಾಗವತರು ನನ್ನ ಕಡೆ ತಿರುಗಿ ನೋಡಿದ ನೋಟವನ್ನು ಇನ್ನೂ ಮರೆತಿಲ್ಲ. ಈ ವರ್ಷ ಊರಿನಲ್ಲೇ ಇರಬೇಕೆಂದಿದ್ದೇನೆ. ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಕೇಳಿ ಇಟ್ಟಿದ್ದಾರೆ; ಅದಕ್ಕೆ ಸೇರುವ ಮೊದಲು ಇಲ್ಲಿ ಕೇಳಿಬಿಡೋಣ ಎನಿಸಿತು.

ಮಳೆಗಾಲದಲ್ಲಿ ಹಿಮ್ಮೇಳದವನಿಗೆ (ಹಾಡು, ವಾದ್ಯದವನಿಗೆ) ನಮ್ಮ ಉಡುಪಿ, ಉತ್ತರ ಕನ್ನಡ, ದಕ್ಷಿಣ ಕನ್ನಡದೊಳಗೆ ನಿಜವಾಗಿ ಎಷ್ಟು ಅವಕಾಶವಿದೆ? ಚಿಕ್ಕಮೇಳಕ್ಕೆ ಹೋಗುವುದು ಸರಿಯೇ, ಅಥವಾ ಅದರಿಂದ ಹೆಸರು ಕೆಡುತ್ತದೆಯೇ? ಸರ್ಕಾರದ ಯೋಜನೆಗಳಿವೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಯಾವುದಕ್ಕೆ ಯಾರು ಅರ್ಹರು ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಳೆಯ ಸಂಗೀತಗಾರ

ನಮ್ಮ ಕಡೆಯ ಮಾತಿನಲ್ಲಿ ‘ಮಾಣಿ’ ಎಂದೇ ಕರೆಯಬಹುದಾದ ವಯಸ್ಸು ನಿಮ್ಮದು, ಆದರೂ ಚೌಕಿಯಲ್ಲಿ ಕುಳಿತವರಿಗೆ ಬಹುವಚನ ಸಲ್ಲಬೇಕು. ನಾನು ಬಡಗಿನ ಮೇಳಗಳಲ್ಲಿ ಸಂಗೀತಗಾರನಾಗಿ, ಅಂದರೆ ಪೂರ್ವರಂಗಕ್ಕೆ ಹಾಡುವ ಕಿರಿಯ ಭಾಗವತನಾಗಿ, ಕೆಲವು ವರ್ಷ ಎರಡನೇ ಭಾಗವತನಾಗಿ ತಿರುಗಾಟ ಮಾಡಿ ಈಗ ಮನೆಯಲ್ಲಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮಳೆಗಾಲದ ಈ ಖಾಲಿತನ ನಮ್ಮ ಕಾಲದಲ್ಲಿ ಇಷ್ಟು ತೀವ್ರವಾಗಿರಲಿಲ್ಲ. ಗೆಜ್ಜೆ ಬಿಚ್ಚಿದ ವೇಷಧಾರಿ ಮರುವಾರವೇ ಗದ್ದೆಗೆ ಇಳಿಯುತ್ತಿದ್ದ, ಅಗೆ, ನಾಟಿ, ಕಳೆ ಎಂದು ಕೊಯ್ಲಿನವರೆಗೆ ಕೆಲಸವಿರುತ್ತಿತ್ತು, ಗದ್ದೆ ಕೊಯ್ದು ಮುಗಿಯುವ ಹೊತ್ತಿಗೆ ಮೇಳ ಹೊರಡುತ್ತಿತ್ತು. ಬಯಲಾಟ ಎಂಬುದೇ ಕೊಯ್ಲಾದ ಗದ್ದೆಯ ಬಯಲಿನಲ್ಲಿ ನಡೆಯುವ ಆಟವಾದ್ದರಿಂದ ಬೇಸಾಯದ ಪಂಚಾಂಗವೂ ಮೇಳದ ಪಂಚಾಂಗವೂ ಒಂದೇ ಆಗಿದ್ದವು. ಅದು ಸುಖದ ಕಾಲವೆಂದು ನಾನು ಹೇಳುವುದಿಲ್ಲ. ಆಷಾಢದಲ್ಲಿ ಮನೆಯ ಖರ್ಚಿಗೆ ಯಜಮಾನರಿಂದ ಮುಂಗಡ ತೆಗೆದುಕೊಂಡು, ಆ ಮುಂಗಡ ತೀರದೆ ಮನಸ್ಸಿಲ್ಲದ ಮೇಳದಲ್ಲೇ ವರ್ಷಗಟ್ಟಲೆ ಉಳಿದ ಕಲಾವಿದರನ್ನು ನೋಡಿದ್ದೇನೆ. ಈಗ ಗದ್ದೆ ಅಡಿಕೆ ತೋಟವಾಗಿದೆ ಅಥವಾ ಹಡಿಲು ಬಿದ್ದಿದೆ. ಬೇಸಾಯ ಹೋಯಿತು, ಮೇಳದ ಪಂಚಾಂಗ ಮಾತ್ರ ಹಾಗೆಯೇ ಉಳಿಯಿತು. ನಿಮ್ಮ ಪ್ರಶ್ನೆಯ ಬೇರು ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಚಿಕ್ಕಮೇಳದ ವಿಚಾರಕ್ಕೆ ಬರುತ್ತೇನೆ. ಒಬ್ಬ ಭಾಗವತ, ಮದ್ದಳೆ, ಚಂಡೆ, ಒಂದು ಪುರುಷವೇಷ, ಒಂದು ಸ್ತ್ರೀವೇಷ, ಜೊತೆಗೆ ವಾಹನ ಓಡಿಸುವವನೊಬ್ಬ ಇದ್ದರೆ ತಂಡವಾಯಿತು. ಹಿಂದಿನ ದಿನ ಮನೆಮನೆಗೆ ಚೀಟಿ ಹಂಚಿ, ಮರುದಿನ ದೀಪ ಹಚ್ಚುವ ಹೊತ್ತಿಗೆ ಹೊರಟು, ಒಂದೊಂದು ಮನೆಯಲ್ಲಿ ಹತ್ತು ಹದಿನೈದು ನಿಮಿಷ ಯಾವುದಾದರೂ ಪ್ರಸಂಗದ ಒಂದು ತುಣುಕನ್ನು ಆಡುತ್ತಾರೆ. ಮನೆಯವರು ದೀಪದ ಮುಂದೆ ಅಕ್ಕಿ, ತೆಂಗಿನಕಾಯಿ, ವೀಳ್ಯದ ಜೊತೆ ತಮ್ಮ ಶಕ್ತಿಯಷ್ಟು ಕಾಣಿಕೆ ಇಡುತ್ತಾರೆ. ಇದರಿಂದ ಹೆಸರು ಕೆಡುತ್ತದೆಯೇ ಎಂದು ಕೇಳಿದ್ದೀರಿ. ಅರೆಬರೆ ಬಣ್ಣ ಬಳಿದು, ಎರಡು ಪದ್ಯ ಹೇಳಿ, ಕಾಣಿಕೆಯ ತಟ್ಟೆಯತ್ತಲೇ ಕಣ್ಣಿಟ್ಟು ಹೋದರೆ ಖಂಡಿತ ಕೆಡುತ್ತದೆ. ಚೊಕ್ಕವಾಗಿ ಆಡಿದರೆ, ಮೇಳದ ಆಟಕ್ಕೆ ರಾತ್ರಿ ಬರಲಾಗದ ಮುದುಕಿಯೊಬ್ಬಳು ತನ್ನ ಜಗಲಿಯಲ್ಲೇ ಕೃಷ್ಣನನ್ನು ಕಾಣುತ್ತಾಳೆ. ನವರಾತ್ರಿಯಲ್ಲಿ ಮಕ್ಕಳು ಮನೆಮನೆಗೆ ಹೋಗಿ ಅರ್ಥ (ಪ್ರಸಂಗದ ಪಾತ್ರಗಳ ಮಾತು) ಹೇಳುವ ಹೂವಿನಕೋಲು ನಮ್ಮದೇ ಬಡಗಿನ ಹಳೆಯ ಪದ್ಧತಿ; ಅದನ್ನು ಯಾರೂ ಕೀಳೆನ್ನಲಿಲ್ಲ.

ಎರಡು ಎಚ್ಚರಿಕೆ ಮಾತ್ರ. ಯಾವುದಾದರೂ ಕ್ಷೇತ್ರದ ಹೆಸರು ಹೇಳಿ ಹೋಗುವುದಾದರೆ ಆ ದೇವಸ್ಥಾನದ ಒಪ್ಪಿಗೆ ಪಡೆಯಿರಿ. ಕಾಣಿಕೆಯ ಹಂಚಿಕೆಯನ್ನು ಹೊರಡುವ ಮೊದಲೇ ಬರೆದಿಡಿ. ಎಷ್ಟೋ ಚಿಕ್ಕಮೇಳಗಳು ಮಳೆಯಿಂದಲ್ಲ, ಲೆಕ್ಕದಿಂದ ನಿಂತಿವೆ.

ಇನ್ನು ತಾಳಮದ್ದಳೆ. ಮದ್ದಳೆಗಾರನಿಗೆ ಮಳೆಗಾಲದ ಕೂಟಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ ಎಂದು ನಾನು ಅನುಭವದಿಂದ ಹೇಳುತ್ತೇನೆ. ಆಟದಲ್ಲಿ ಪ್ರೇಕ್ಷಕನ ಕಣ್ಣು ಕುಣಿತದ ಮೇಲಿರುತ್ತದೆ, ನಿಮ್ಮ ತಪ್ಪು ಗೆಜ್ಜೆಯ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಕೂಟದಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ, ಭಾಗವತನ ಪದ್ಯ, ನಿಮ್ಮ ಕೈ, ಅರ್ಥಧಾರಿಯ ಮಾತು, ಇಷ್ಟೇ. ಮೊದಲ ವರ್ಷ ಸಂಭಾವನೆ ಬಸ್ಸಿನ ಖರ್ಚಿಗೆ ಸಾಕಾದರೆ ಹೆಚ್ಚು. ಆದರೆ ಹಿರಿಯ ಭಾಗವತರೊಬ್ಬರು ನಿಮ್ಮ ಕೈ ಮೆಚ್ಚಿದರೆ ಮುಂದಿನ ತಿರುಗಾಟದ ಮಾತುಕತೆ ಅಲ್ಲಿಯೇ ನಡೆದುಹೋಗುತ್ತದೆ.

ಉತ್ತರ: ಬ್ರಹ್ಮಾವರದ ಶಿಕ್ಷಕಿ

ಮೇಲಿನ ಹಿರಿಯರ ಮಾತುಗಳನ್ನು ಗೌರವದಿಂದ ಓದಿದೆ. ಅವರು ಶಾಲೆಗಳ ವಿಚಾರ ಎತ್ತಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ನಮ್ಮಲ್ಲಿ ಯಕ್ಷಗಾನ ತರಗತಿಯ ಹೊಣೆ ಹಲವು ವರ್ಷಗಳಿಂದ ನನ್ನ ಮೇಲಿದೆ.

ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸುವ ವ್ಯವಸ್ಥೆಯನ್ನು ನಡೆಸಿಕೊಂಡು ಬರುತ್ತಿರುವುದು, ವರ್ಷದ ಕೊನೆಗೆ ಮಕ್ಕಳ ಪ್ರದರ್ಶನಗಳ ‘ಕಿಶೋರ ಯಕ್ಷಗಾನ ಸಂಭ್ರಮ’ ನಡೆಯುವುದು ನಿಮಗೆ ತಿಳಿದೇ ಇರುತ್ತದೆ. ದಕ್ಷಿಣ ಕನ್ನಡದ ಕಡೆ ಯಕ್ಷಧ್ರುವ ಪಟ್ಲ ಫೌಂಡೇಶನ್ನಿನವರೂ ಶಾಲೆಗಳಲ್ಲಿ ತರಗತಿ ನಡೆಸುತ್ತಿದ್ದಾರೆ. ಈ ತರಗತಿಗಳ ಕಾಲವನ್ನು ಗಮನಿಸಿ: ಶಾಲೆ ತೆರೆಯುವ ಜೂನಿನ ಆಸುಪಾಸಿನಲ್ಲಿ ಆರಂಭವಾಗಿ ಮಕ್ಕಳ ಪ್ರದರ್ಶನ ಮುಗಿಯುವವರೆಗೆ. ಅಂದರೆ ಮೇಳ ಮಲಗಿರುವ ತಿಂಗಳುಗಳೇ ತರಗತಿ ಎಚ್ಚರವಾಗಿರುವ ತಿಂಗಳುಗಳು. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ಇನ್ನೊಂದು ಕೆಲಸ ಕಲಾವಿದನಿಗೆ ನಮ್ಮ ಜಿಲ್ಲೆಯಲ್ಲಿ ನನಗೆ ಕಾಣುತ್ತಿಲ್ಲ.

ಆದರೆ ನಿಮ್ಮಂಥ ಹಿಮ್ಮೇಳದವರಿಗೆ ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಶಾಲೆಗೆ ಮೊದಲು ಬೇಕಾಗುವುದು ಹೆಜ್ಜೆ ಹೇಳಿಕೊಡುವ ಗುರು. ಭಾಗವತರು, ಮದ್ದಳೆ, ಚಂಡೆಯವರು ಪ್ರದರ್ಶನ ಸಮೀಪಿಸಿದಾಗ ಮಾತ್ರ ಬರುತ್ತಾರೆ; ಅಲ್ಲಿಯವರೆಗೆ ಗುರುಗಳೇ ಜಾಗಟೆ ಹಿಡಿದು ಬಾಯಿತಾಳದಲ್ಲಿ ನಡೆಸುತ್ತಾರೆ. ಕೆಲವೆಡೆ ಮೊಬೈಲಿನಲ್ಲಿ ಧ್ವನಿಮುದ್ರಿಕೆ ಹಾಕಿ ಅಭ್ಯಾಸ ಮಾಡಿಸುವುದನ್ನೂ ಕಂಡಿದ್ದೇನೆ. ಅಂಥ ಮಕ್ಕಳು ರಂಗದ ಮೇಲೆ ಜೀವಂತ ಹಿಮ್ಮೇಳ ಸಿಕ್ಕೊಡನೆ ಗಲಿಬಿಲಿಗೊಳ್ಳುತ್ತಾರೆ, ಏಕೆಂದರೆ ಧ್ವನಿಮುದ್ರಿಕೆ ಮಗುವಿಗಾಗಿ ಕಾಯುವುದಿಲ್ಲ, ಭಾಗವತರು ಕಾಯುತ್ತಾರೆ. ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟು: ಮೂಲ ತಾಳಗಳ ಹೆಜ್ಜೆ, ಒಡ್ಡೋಲಗದ (ವೇಷಗಳ ರಂಗಪ್ರವೇಶದ) ಕುಣಿತ, ಇಷ್ಟನ್ನಾದರೂ ಯಾರಾದರೂ ಗುರುಗಳ ಬಳಿ ಒಂದು ಮಳೆಗಾಲ ಕಲಿತುಬಿಡಿ. ಮದ್ದಳೆ ನುಡಿಸುತ್ತ ಹೆಜ್ಜೆಯನ್ನೂ ತಿದ್ದಬಲ್ಲವರು ವಿರಳ. ಅಂಥವರನ್ನು ಯಾವ ಶಾಲೆಯೂ ಬಿಡಲಾರದು. ಉಡುಪಿಯಲ್ಲಿ 1971ರಲ್ಲಿ ಆರಂಭವಾದ ಯಕ್ಷಗಾನ ಕೇಂದ್ರದ ಕಲಿಕೆಯಲ್ಲಿ ನನಗೆ ಹಿಡಿಸಿದ್ದೂ ಇದೇ, ಅಲ್ಲಿ ಹಿಮ್ಮೇಳವೂ ವೇಷಧಾರಿಗಳ ಮುಮ್ಮೇಳವೂ ಒಂದೇ ಸೂರಿನಡಿ ಬೆಳೆಯುತ್ತವೆ.

ಇನ್ನೊಂದು ಅವಕಾಶವನ್ನು ಗಂಡಸು ಕಲಾವಿದರು ಬಹಳ ಮಂದಿ ಗಮನಿಸಿಯೇ ಇಲ್ಲ. ನನ್ನ ತರಗತಿಯಲ್ಲಿ ಈಗ ಹುಡುಗರಿಗಿಂತ ಹುಡುಗಿಯರೇ ಹೆಚ್ಚು. ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ವೃತ್ತಿ ಮೇಳದಲ್ಲಿ ಭಾಗವತಿಕೆ ಮಾಡಿದ ಲೀಲಾವತಿ ಬೈಪಾಡಿತ್ತಾಯರ ಕಾಲಕ್ಕೆ ಅದು ಒಬ್ಬರ ಸಾಹಸವಾಗಿತ್ತು. ಇಂದು ಊರೂರಿನಲ್ಲಿ ಮಹಿಳಾ ತಂಡಗಳಿವೆ. ಈ ತಂಡಗಳಲ್ಲಿ ವೇಷ ಮಾಡುವವರು ಸಾಕಷ್ಟಿದ್ದಾರೆ, ಹಿಮ್ಮೇಳಕ್ಕೆ ಹೊರಗಿನವರನ್ನೇ ನೆಚ್ಚಬೇಕು. ನವರಾತ್ರಿ, ಗಣೇಶೋತ್ಸವಗಳ ಹೊತ್ತಿಗೆ ಅವರು ಮದ್ದಳೆಗಾರರಿಗಾಗಿ ಪರದಾಡುವುದನ್ನು ನೋಡಿದ್ದೇನೆ.

ಸಂಭಾವನೆಯ ಮಾತು ಮೊದಲೇ ಆಡಿಕೊಳ್ಳಿ. ಒಂದು ಶಾಲೆಯ ಆಡಳಿತ ಮಂಡಳಿ ನಾಲ್ಕು ತಿಂಗಳು ಕಲಿಸಿದ ಗುರುಗಳಿಗೆ ಕೊನೆಗೆ ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಕೈಮುಗಿದದ್ದು ನನಗೆ ಗೊತ್ತು. ಆ ದಿನ ವೇದಿಕೆಯ ಮೇಲೆ ಗುರುಗಳು ನಕ್ಕರು, ಬಸ್‌ಸ್ಟ್ಯಾಂಡಿನಲ್ಲಿ ನಗಲಿಲ್ಲ.

ಉತ್ತರ: ಹೊನ್ನಾವರದ ಸಂಘಟಕ

ಹಿರಿಯ ಸಂಗೀತಗಾರರ ಚಿಕ್ಕಮೇಳದ ಸಮರ್ಥನೆಯನ್ನು ನಾನು ಪೂರ್ತಿ ಒಪ್ಪಲಾರೆ. ಜಗಲಿಯ ಮುದುಕಿಯ ಚಿತ್ರ ಮನಸ್ಸಿಗೆ ಹಿತವಾಗಿದೆ, ನಿಜ. ಆದರೆ ರಾತ್ರಿಗೆ ಹತ್ತಾರು ಮನೆ ಮುಗಿಸಬೇಕೆಂಬ ಅವಸರದಲ್ಲಿ ನುಡಿಸುವ ಕೈಗೆ ವಿಳಂಬದ ತಾಳ್ಮೆ ಹೋಗುತ್ತದೆ. 24ರ ವಯಸ್ಸಿನಲ್ಲಿ ಅದು ಹೋದರೆ ಮತ್ತೆ ಬರುವುದು ಕಷ್ಟ. ಒಂದು ಮಳೆಗಾಲ ಮಾಡಿ ನೋಡಲಿ, ಅದನ್ನೇ ನೆಚ್ಚಿಕೊಳ್ಳದಿರಲಿ ಎಂಬುದಷ್ಟೇ ನನ್ನ ಮಾತು.

ಪ್ರಶ್ನೆ ಕೇಳಿದವರಿಗೆ ನಾನು ಹೇಳಬೇಕಾದದ್ದು ಕಾಗದದ ವಿಚಾರ. ನಮ್ಮ ಕಲಾವಿದರು ಕಲೆಯಲ್ಲಿ ಗಟ್ಟಿ, ಕಾಗದದಲ್ಲಿ ಸೊನ್ನೆ. ನಮ್ಮೂರಿನ ಬಣ್ಣದ ವೇಷಧಾರಿಯೊಬ್ಬರು ನಾಲ್ಕು ದಶಕ ರಂಗದಲ್ಲಿದ್ದವರು. ಮಾಸಾಶನಕ್ಕೆ ಅರ್ಜಿ ಹಾಕುವಾಗ ತಾನು ಕಲಾವಿದ ಎಂಬುದಕ್ಕೆ ದಾಖಲೆ ಕೊಡಿ ಎಂದಾಗ ಅವರ ಬಳಿ ಇದ್ದದ್ದು ಗೋಡೆಯ ಮೇಲೆ ತೂಗುಹಾಕಿದ, ತೇವಕ್ಕೆ ಮಾಸಿದ ಎರಡು ಸನ್ಮಾನಪತ್ರ, ದಿನಾಂಕವಿಲ್ಲದ ಒಂದು ಭಾವಚಿತ್ರ. ಅವರು ಕೆಲಸ ಮಾಡಿದ ಮೇಳಗಳಲ್ಲಿ ಎರಡು ನಿಂತೇಹೋಗಿದ್ದವು, ಪ್ರಮಾಣಪತ್ರ ಕೊಡಲು ಯಜಮಾನರೇ ಇರಲಿಲ್ಲ. ಹಳೆಯ ಕರಪತ್ರಗಳನ್ನು ಹುಡುಕಿ ಊರೂರು ಅಲೆದು ಒಟ್ಟುಮಾಡಲು ನನಗೆ ಒಂದು ಮಳೆಗಾಲವೇ ಹಿಡಿಯಿತು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನಕ್ಕೆ ಸಾಮಾನ್ಯವಾಗಿ 58 ವರ್ಷ ತುಂಬಿರಬೇಕು. ನಿಮಗೆ ಅದು ದೂರದ ಮಾತು, ಆದರೆ ದಾಖಲೆ ಕೂಡಿಡುವುದು ಈ ವರ್ಷವೇ ಆರಂಭವಾಗಬೇಕು: ನಿಮ್ಮ ಹೆಸರಿರುವ ಪ್ರತಿಯೊಂದು ಕರಪತ್ರ, ಪತ್ರಿಕೆಯ ತುಣುಕು, ಪ್ರತಿ ತಿರುಗಾಟದ ಕೊನೆಗೆ ಮೇಳದಿಂದ ಒಂದು ಸಹಿ ಹಾಕಿದ ಪತ್ರ.

ನಿಮ್ಮ ವಯಸ್ಸಿಗೆ ಈಗಲೇ ಸಲ್ಲುವ ಒಂದು ಯೋಜನೆ ಇದೆ, ಮತ್ತು ಅದರ ಬಾಗಿಲು ನಿಮಗೆ ಬೇಗನೆ ಮುಚ್ಚುತ್ತದೆ. ಸಿ.ಸಿ.ಆರ್.ಟಿ. ಎಂದು ಕರೆಯುವ ದೆಹಲಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರದ ಮೂಲಕ ಕೇಂದ್ರ ಸಂಸ್ಕೃತಿ ಸಚಿವಾಲಯ ಯುವ ಕಲಾವಿದರಿಗೆ ವಿದ್ಯಾರ್ಥಿವೇತನ ನೀಡುತ್ತದೆ. ವಯಸ್ಸು 18ರಿಂದ 25ರ ನಡುವೆ ಇರಬೇಕು, ಗುರುಗಳ ಬಳಿ ಕನಿಷ್ಠ 5 ವರ್ಷ ಕಲಿತಿರಬೇಕು. ಆಯ್ಕೆಯಾದರೆ ತಿಂಗಳಿಗೆ 5,000 ರೂಪಾಯಿಯಂತೆ 2 ವರ್ಷ ದೊರೆಯುತ್ತದೆ. ಸಾಂಪ್ರದಾಯಿಕ ಹಾಗೂ ಜಾನಪದ ಕಲೆಗಳಿಗೂ ಇದರಲ್ಲಿ ಸ್ಥಾನವಿದೆ. ನೀವು ಏಳು ವರ್ಷ ಒಬ್ಬರೇ ಗುರುಗಳ ಬಳಿ ಕಲಿತವರಾದ್ದರಿಂದ ಗುರುಗಳ ಪತ್ರ ನಿಮಗೆ ತೊಡಕಾಗದು. ವಯಸ್ಸನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆಂಬುದನ್ನು ಪ್ರಕಟಣೆಯಲ್ಲಿ ಮೊದಲು ನೋಡಿ, ಉಳಿದದ್ದನ್ನು ಆಮೇಲೆ ಓದಿ. ಪರಿಣತರ ಮುಂದೆ ನುಡಿಸಿ ತೋರಿಸಬೇಕಾಗುತ್ತದೆ. ಅಲ್ಲಿ ಯಕ್ಷಗಾನದ ಏಕತಾಳಕ್ಕೂ ಕರ್ನಾಟಕ ಸಂಗೀತದ ಏಕತಾಳಕ್ಕೂ ಇರುವ ವ್ಯತ್ಯಾಸವನ್ನು ಸರಳವಾಗಿ ವಿವರಿಸಲು ಬಂದರೆ ಅರ್ಧ ಕೆಲಸವಾದಂತೆ.

ಆಕಾಶವಾಣಿಯ ಧ್ವನಿಪರೀಕ್ಷೆಯನ್ನೂ ಮರೆಯಬೇಡಿ. 1976ರಿಂದ ಪ್ರಸಾರ ನಡೆಸುತ್ತಿರುವ ಮಂಗಳೂರು ಕೇಂದ್ರ ತಾಳಮದ್ದಳೆಗಳನ್ನು ಕೇಳಿಸುತ್ತ ಬಂದಿದೆ. ಅಲ್ಲಿ ಉತ್ತೀರ್ಣರಾದರೆ ಸಿಗುವ ಸಂಭಾವನೆಗಿಂತ, ನಾಳೆ ಬೇರೆ ಅರ್ಜಿ ಹಾಕುವಾಗ ಆ ಶ್ರೇಣಿಯ ಪತ್ರಕ್ಕೆ ಬರುವ ಬೆಲೆ ದೊಡ್ಡದು. ಇಲಾಖೆಯ ಧನಸಹಾಯದಲ್ಲಿ ಹೆಚ್ಚಿನದು ಮಾತ್ರ ಒಬ್ಬೊಬ್ಬರಿಗೆ ಸಿಗುವಂಥದ್ದಲ್ಲ. ನೋಂದಾಯಿತ ಸಂಘ ಬೇಕು, ಲೆಕ್ಕಪರಿಶೋಧನೆಯಾದ ಲೆಕ್ಕಪತ್ರ ಬೇಕು. ಒಂದಷ್ಟು ಜನ ಹಿಮ್ಮೇಳದವರು ಸೇರಿ ಸಂಘ ಕಟ್ಟುವುದು ಕಷ್ಟವಲ್ಲ, ಅದರ ಲೆಕ್ಕ ಬರೆಯುವವನು ಸಿಗುವುದು ಕಷ್ಟ.

ಕಾಗದ ಏಕೆ ಮುಖ್ಯ ಎಂಬುದಕ್ಕೆ ನಮ್ಮ ತಾಲೂಕಿನಲ್ಲೇ ನಿದರ್ಶನವಿದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಇಂದಿಗೂ ನಡೆಯುತ್ತಿದೆ. 1986ರಲ್ಲಿ ಅವರ ಮಗ ಶಂಭು ಹೆಗಡೆಯವರು ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ಆರಂಭಿಸಿದರು. ಬೇರೆ ಎಷ್ಟೋ ಒಳ್ಳೆಯ ಮೇಳಗಳು ನಿಂತುಹೋದಾಗ ಇದು ಉಳಿದದ್ದಕ್ಕೆ ಕಲೆಯ ಗುಣಮಟ್ಟವೊಂದೇ ಕಾರಣವಲ್ಲ. ತರಬೇತಿ, ಉತ್ಸವ, ಹೊರರಾಜ್ಯ ಮತ್ತು ಹೊರದೇಶದ ಪ್ರದರ್ಶನಗಳನ್ನು ತಿರುಗಾಟದ ಜೊತೆಗೇ ಕಟ್ಟಿಕೊಂಡು, ಪ್ರತಿಯೊಂದಕ್ಕೂ ದಾಖಲೆ ಇಟ್ಟದ್ದೂ ಕಾರಣ ಎಂದು ನಾನು ಹತ್ತಿರದಿಂದ ಕಂಡವನಾಗಿ ಹೇಳುತ್ತೇನೆ.

ಉತ್ತರ: ಬೆಂಗಳೂರಿನಲ್ಲಿರುವ ಹವ್ಯಾಸಿ

ಊರಿನಲ್ಲೇ ಉಳಿಯಬೇಕೆಂಬ ಹಟಕ್ಕೆ ಅಡ್ಡ ಬರುತ್ತಿಲ್ಲ, ಒಂದು ಸಂಗತಿ ಮಾತ್ರ. ಮಳೆಗಾಲದಲ್ಲಿ ಕರಾವಳಿಯ ತಂಡಗಳು ರವೀಂದ್ರ ಕಲಾಕ್ಷೇತ್ರದಲ್ಲಿ, ಮುಂಬಯಿಯ ಸಭಾಂಗಣಗಳಲ್ಲಿ ಆಟವಾಡುತ್ತವೆ. ಆ ತಂಡಗಳ ಜೊತೆ ಹತ್ತು ದಿನ ಬಂದು ಹೋಗುವುದು ಹೋಟೆಲಿನ ಗಲ್ಲಾದಲ್ಲಿ ಐದು ತಿಂಗಳು ಕೂರುವುದಕ್ಕಿಂತ ಬೇರೆ. ಇಲ್ಲಿ ವಾರಾಂತ್ಯದಲ್ಲಿ ಮದ್ದಳೆ ಕಲಿಯಲು ಕಾದಿರುವ ನಮ್ಮಂಥವರೂ ಇದ್ದಾರೆ. ಮೊಬೈಲಿನ ಮೂಲಕ ಕಲಿಸಬಹುದೇ ಎಂದು ಕೇಳುವಿರಾದರೆ, ಒಬ್ಬರೇ ನುಡಿಸಿ ತಿದ್ದಿಸಿಕೊಳ್ಳುವ ಪಾಠಕ್ಕೆ ಆದೀತು. ಇಬ್ಬರೂ ಕೂಡಿ ನುಡಿಸಲು ಹೊರಟರೆ ಸದ್ದು ತಡವಾಗಿ ತಲುಪಿ ತಾಳ ಜಾರುತ್ತದೆ. ನಾನು ಆರು ತಿಂಗಳು ಆ ಪ್ರಯತ್ನದಲ್ಲಿ ಕಳೆದಿದ್ದೇನೆ.

ಉತ್ತರ: ಹಳೆಯ ಸಂಗೀತಗಾರ

ಹೊನ್ನಾವರದವರ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ, ಒಪ್ಪುತ್ತೇನೆ. ಮನೆಗಳ ಸಂಖ್ಯೆಯನ್ನು ಮಿತಗೊಳಿಸಿದರೆ ಅವಸರ ತಪ್ಪುತ್ತದೆ. ಅದಕ್ಕೆ ತಂಡದ ಮುಂದಾಳು ಒಪ್ಪಬೇಕು, ಅವನು ಒಪ್ಪುವುದಿಲ್ಲ, ಅದೂ ನಿಜ. ಅವರು ಹೇಳಿದ ಕಾಗದದ ಮಾತಿಗೆ ನನ್ನದೊಂದು ಸೇರ್ಪಡೆ: ಉಡುಪಿಯಲ್ಲಿ 1975ರಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗ ವೃತ್ತಿ ಕಲಾವಿದರ ಕ್ಷೇಮಕ್ಕಾಗಿ ‘ಯಕ್ಷನಿಧಿ’ಯನ್ನು ನಡೆಸುತ್ತಿದೆ. ನೀವು ಮೂರು ತಿರುಗಾಟ ಮುಗಿಸಿದವರು. ಅಲ್ಲಿ ಹೋಗಿ ವಿಚಾರಿಸಲು ಸಂಕೋಚ ಬೇಡ. ಸಹಾಯ ಕೇಳುವುದು ಕೈಚಾಚುವುದಲ್ಲ ಎಂಬುದನ್ನು ನಮ್ಮ ತಲೆಮಾರು ಬಹಳ ತಡವಾಗಿ ಕಲಿಯಿತು.

ಮತ್ತೊಂದು, ಯಾರೂ ಹೇಳಲಿಲ್ಲವಾದ್ದರಿಂದ ಹೇಳುತ್ತೇನೆ. ಮುಚ್ಚಿಗೆ (ಮದ್ದಳೆಯ ಚರ್ಮದ ಹೊದಿಕೆ) ಕಟ್ಟಲು, ಅದರ ಮೇಲಿನ ಕಪ್ಪು ಲೇಪವಾದ ಕರ್ಣ ಹಾಕಲು ಕಲಿಯಿರಿ. ಮಳೆಗಾಲದ ತೇವಕ್ಕೆ ಮದ್ದಳೆಯ ಶ್ರುತಿ ನಿಲ್ಲುವುದಿಲ್ಲ, ಮೇಳ ಹೊರಡುವ ಮುನ್ನ ಎಲ್ಲರಿಗೂ ಒಮ್ಮೆಗೇ ದುರಸ್ತಿ ಬೇಕು, ಕೈಯಲ್ಲಿ ಆ ಕೆಲಸ ಇರುವವರು ಬೆರಳೆಣಿಕೆಯಷ್ಟು. ನಾನು ಬಲ್ಲ ಒಬ್ಬ ಮದ್ದಳೆಗಾರರಿಗೆ ಆಶ್ವಯುಜ ಮಾಸದಲ್ಲಿ ಊಟಕ್ಕೂ ಬಿಡುವಿರುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು: ಕುಂದಾಪುರದ ಮದ್ದಳೆಗಾರ

ಎಲ್ಲರಿಗೂ ಋಣಿಯಾಗಿದ್ದೇನೆ. ನಿನ್ನೆ ಗುರುಗಳ ಮನೆಗೆ ಹೋಗಿ ಈ ಉತ್ತರಗಳನ್ನೆಲ್ಲ ಓದಿ ಹೇಳಿದೆ. ಚಿಕ್ಕಮೇಳದ ಭಾಗಕ್ಕೆ ಅವರು ಏನೂ ಹೇಳಲಿಲ್ಲ, ಮುಚ್ಚಿಗೆಯ ಭಾಗಕ್ಕೆ ಮಾತ್ರ ಎದ್ದು ಒಳಗೆ ಹೋಗಿ ಹರಿದ ಮದ್ದಳೆಯೊಂದನ್ನು ತಂದು ನನ್ನ ಮುಂದಿಟ್ಟರು. ವಿದ್ಯಾರ್ಥಿವೇತನಕ್ಕೆ ಪತ್ರ ಕೊಡಲು ಒಪ್ಪಿದ್ದಾರೆ. ಕಾರ್ಖಾನೆಯ ಕೆಲಸವನ್ನು ಈ ವರ್ಷದ ಮಟ್ಟಿಗೆ ಬೇಡವೆಂದು ಅಮ್ಮನಿಗೆ ಹೇಳಿದ್ದೇನೆ. ಸೋಣೆ ತಿಂಗಳವರೆಗೆ (ಆಗಸ್ಟ್-ಸೆಪ್ಟೆಂಬರ್) ನೋಡೋಣ ಎಂದಿದ್ದಾರೆ. ಹಾಗಾಗಿ ನನಗಿರುವ ಗಡುವು ಅಷ್ಟು.

ಶಿಕ್ಷಕಿಯವರಲ್ಲಿ ಒಂದು ಕೇಳಿಕೆ. ನಿಮ್ಮ ಶಾಲೆಯ ತರಗತಿಗೆ ಕೆಲವು ವಾರ ಬಂದು, ಹೆಜ್ಜೆ ಹೇಳಿಕೊಡುವ ಕ್ರಮವನ್ನು ನೋಡಲು ಅವಕಾಶವಿದೆಯೇ? ಸಂಭಾವನೆ ಬೇಡ. ನನ್ನ ಮದ್ದಳೆಯನ್ನು ತರುತ್ತೇನೆ.

ಉತ್ತರ: ಬ್ರಹ್ಮಾವರದ ಶಿಕ್ಷಕಿ

ಅವಶ್ಯವಾಗಿ ಬನ್ನಿ. ಶನಿವಾರ ಶಾಲೆ ಬಿಟ್ಟ ಮೇಲೆ ತರಗತಿ ಇರುತ್ತದೆ. ನಮ್ಮ ಗುರುಗಳಿಗೆ ನಾನು ತಿಳಿಸಿರುತ್ತೇನೆ. ಮೊದಲ ಎರಡು ವಾರ ಮದ್ದಳೆ ಬೇಡ. ಮದ್ದಳೆ ಕಂಡರೆ ಮಕ್ಕಳು ಅದನ್ನು ಬಡಿದು ನೋಡಲು ಮುಗಿಬೀಳುತ್ತಾರೆ, ಹೆಜ್ಜೆ ಅಲ್ಲಿಗೇ ನಿಲ್ಲುತ್ತದೆ. ಮಕ್ಕಳ ಸಾಲಿನ ಕೊನೆಯಲ್ಲಿ ನಿಂತು, ಅವರ ಜೊತೆಯಲ್ಲೇ ಬಾಯಿತಾಳ ಹೇಳುತ್ತ ಕುಣಿಯಬೇಕಾಗುತ್ತದೆ. ಎಂಟನೇ ತರಗತಿಯ ಹುಡುಗಿಯರು ನಿಮ್ಮ ತಪ್ಪು ಹೆಜ್ಜೆಯನ್ನು ತೋರಿಸಿ ನಗುತ್ತಾರೆ, ಅದಕ್ಕೆ ಸಿದ್ಧರಾಗಿ ಬನ್ನಿ. ಸಂಭಾವನೆ ಬೇಡವೆಂದು ಮಾತ್ರ ಇನ್ನೆಲ್ಲೂ ಬರೆಯಬೇಡಿ, ಶಾಲೆಯವರೂ ಇದನ್ನು ಓದುತ್ತಾರೆ.